ಎಚ್‌ಐವಿ ಇದೆ ಎಂದು ಆಸ್ಪತ್ರೆ ವಾಪಸ್ ಕಳಿಸಿದರೆ ದೂರು ಬರೆಯುವುದು ಹೇಗೆ?

ನನ್ನ ತಮ್ಮನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರು ಬದಿಯಡ್ಕದಿಂದ ಬೆಳಗ್ಗಿನ ಬಸ್ಸಿಗೆ ಇಬ್ಬರೂ ಹೋದೆವು. ರಕ್ತ ತೆಗೆದರು. ಯಾವ ಪರೀಕ್ಷೆಗೆ ಅಂತ ಹೇಳಲಿಲ್ಲ. ಸಂಜೆ ಫೈಲ್ ಕೈಗಿಟ್ಟು, ‘ಇಲ್ಲಿ ಆಗುವುದಿಲ್ಲ, ಬೇರೆ ಕಡೆ ಹೋಗಿ’ ಅಂದರು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಎಚ್‌ಐವಿ’ ಎಂದು ಬರೆದಿತ್ತು. ಬಸ್ಸಿನಲ್ಲಿ ತಮ್ಮ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಕೂತಿದ್ದ.

ಅವರು ಮಾಡಿದ್ದು ಕಾನೂನಿಗೆ ವಿರುದ್ಧ ಅಂತ ನಮಗೆ ಅವತ್ತು ಗೊತ್ತಿರಲಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಪಾಸಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ತಪ್ಪಿಸುವಂತಿಲ್ಲ. ಖಾಸಗಿ ಆಸ್ಪತ್ರೆಗೂ ಇದೇ ನಿಯಮ.

ಮನೆಗೆ ಬಂದ ಕೂಡಲೇ ಬರೆದಿಡಿ: ತಾರೀಕು, ಹೊತ್ತು, ಯಾರು ಏನಂದರು. ಅವರಾಡಿದ ಮಾತನ್ನೇ ಬರೆಯಿರಿ. ಒಂದು ವಾರ ಕಳೆದರೆ ಅರ್ಧ ಮರೆತುಹೋಗುತ್ತದೆ. ಚೀಟಿ, ಬಿಲ್ಲು ಬಿಸಾಡಬೇಡಿ. ತಮ್ಮ ಸಿಟ್ಟಿನಲ್ಲಿ ಬಿಲ್ಲು ಹರಿದು ಹಾಕಿದ್ದ. ನಾನು ತುಂಡುಗಳನ್ನು ಅಂಟಿಸಿ ಝೆರಾಕ್ಸ್ ಮಾಡಿಸಿದೆ.

ಸಿಬ್ಬಂದಿ, ಅಧಿಕಾರಿಗಳು ಸೇರಿ 20 ಅಥವಾ ಹೆಚ್ಚು ಜನರಿರುವ ಆಸ್ಪತ್ರೆಯಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ಅವರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಮೇಲೆ ರಾಜ್ಯದ ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸಲು ಈ ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸುವವರಿಗೆ, ಬರೆಯಿರಿ. ನಮ್ಮವರು ಜಾಸ್ತಿ ಹೋಗುವುದು ಮಂಗಳೂರಿಗೆ, ಅಲ್ವಾ? ಅಲ್ಲಿ ಹೀಗಾದರೆ ಕರ್ನಾಟಕದ ಒಂಬುಡ್ಸ್‌ಮನ್, ಕಾಸರಗೋಡಿನಲ್ಲಾದರೆ ಕೇರಳದವರು. 30 ದಿನದೊಳಗೆ ಆದೇಶ ಬರಬೇಕು, ಚಿಕಿತ್ಸೆ ತುರ್ತಾಗಿ ಬೇಕಿದ್ದರೆ ಆದಷ್ಟು ಮಟ್ಟಿಗೆ 24 ಗಂಟೆಯೊಳಗೆ. ಆದೇಶ ಪಾಲಿಸದಿದ್ದರೆ 10,000 ರೂಪಾಯಿವರೆಗೆ ದಂಡ, ಮತ್ತೂ ಮುಂದುವರಿಸಿದರೆ ದಿನಕ್ಕೆ 5,000ದವರೆಗೆ.

ಮಲಯಾಳ ಬರೆಯಲು ಬಾರದೆ ಸುಮ್ನೆ ಕೂರಬೇಡಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರಾದ ನಾವು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಾನು ಕನ್ನಡದಲ್ಲೇ ಬರೆದೆ. ನೋವಾದದ್ದನ್ನು ನಮ್ಮ ಮಾತಿನಲ್ಲಿ ಹೇಳಿದರೇ ಸರಿಯಾಗಿ ಬರುತ್ತದೆ.

ಹೆಸರು ಹೊರಗೆ ಬೀಳುವ ಹೆದರಿಕೆ ತಮ್ಮನಿಗಿತ್ತು. ವಿಷಯ ಕೋರ್ಟಿಗೆ ಹೋದರೆ ಬೇರೆ ಹೆಸರಿನಲ್ಲಿ ನಡೆಸಿ ಎಂದು ಕೇಳಿಕೊಳ್ಳಬಹುದು. ಅದಕ್ಕೂ ಈ ಕಾಯ್ದೆಯಲ್ಲಿ ಅವಕಾಶವಿದೆ.

ದೂರಿನ ಓಡಾಟದಲ್ಲಿ ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ ಒಂದು ದಿನವೂ ತಪ್ಪಬಾರದು. ಕೇರಳದಲ್ಲಿ ಪರೀಕ್ಷೆ, ಕೌನ್ಸೆಲಿಂಗ್‌ಗೆ ‘ಜ್ಯೋತಿಸ್’ ಕೇಂದ್ರ, ಆ ಮಾತ್ರೆಗೆ, ಅಂದರೆ ಎಆರ್‌ಟಿ ಔಷಧಿಗೆ, ‘ಉಷಸ್’ ಕೇಂದ್ರ. ಎರಡೂ ಉಚಿತ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.