ಕೇಬಲ್ ಎಳೆದರೆ ಸಾಲದು, ಗ್ರೌಟ್ ಸರಿಯಾಗಿ ತುಂಬಿ

ಕಾಂಕ್ರೀಟ್ ಸೇತುವೆ ಹೇಗೆ ಕಟ್ಟಬೇಕೆಂದು ಜಾಗವೇ ಹೇಳುತ್ತದೆ. ನೆಲ ಗಟ್ಟಿ, ಎತ್ತರ ಕಡಿಮೆ ಅಂದರೆ ಸೆಂಟ್ರಿಂಗ್ ಕೊಟ್ಟು ಅಲ್ಲೇ ಕಾಂಕ್ರೀಟ್ ಹಾಕಿ. ಒಂದೇ ಅಳತೆಯ ಅಂಕಣಗಳು (ಎರಡು ಕಂಬಗಳ ನಡುವಿನ ಭಾಗ) ಜಾಸ್ತಿ ಇದ್ದರೆ ಗರ್ಡರ್‌ಗಳನ್ನು (ಉದ್ದನೆಯ ತೊಲೆಗಳು) ಯಾರ್ಡ್‌ನಲ್ಲಿ ಮಾಡಿ ತಂದು ಕೂರಿಸಿ. ಆಳದ ಕಣಿವೆಯಾದರೆ ಕಂಬದ ಎರಡೂ ಕಡೆ ತೂಕ ಸರಿದೂಗಿಸುತ್ತಾ ತುಂಡು ತುಂಡಾಗಿ ಮುಂದಕ್ಕೆ ಹೋಗಿ.

ಪೋಸ್ಟ್ ಟೆನ್ಷನಿಂಗ್ (ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದರೊಳಗಿನ ಉಕ್ಕಿನ ಕೇಬಲ್ ಬಿಗಿಯುವ ಕೆಲಸ) ಇದ್ದರೆ ಜ್ಯಾಕ್ ಹಾಕಿ ಕೇಬಲ್ ಎಳೆಯಬೇಕು. 40 ಮೀಟರ್ ಕೇಬಲ್ ಸುಮಾರು 25 ಸೆಂಟಿಮೀಟರ್ ಹಿಗ್ಗುತ್ತದೆ. ಅಳೆದ ಹಿಗ್ಗು ಲೆಕ್ಕಕ್ಕೆ ತಾಳೆಯಾಗದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ. ಜ್ಯಾಕ್‌ನ ಹಿಂದೆ ಯಾರೂ ನಿಲ್ಲಬಾರದು.

ಇಷ್ಟನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಆಮೇಲೆ, ಕೇಬಲ್ ಹಾಯುವ ಕೊಳವೆಗೆ, ಅಂದರೆ ಡಕ್ಟ್‌ಗೆ, ಗ್ರೌಟ್ (ಕೇಬಲ್‌ಗೆ ತುಕ್ಕು ಹಿಡಿಯದಂತೆ ಕಾಯುವ ಸಿಮೆಂಟ್-ನೀರಿನ ಮಿಶ್ರಣ) ತುಂಬುವಾಗ. ಒಳಗೆ ಖಾಲಿ ಉಳಿದರೂ ಹೊರಗೆ ಕಾಣುವುದಿಲ್ಲ ಅಲ್ವಾ? ವೇಲ್ಸ್‌ನ ಇನಿಸ್-ಇ-ಗ್ವಾಸ್ ಸೇತುವೆ 1985ರಲ್ಲಿ ಸುಳಿವೇ ಕೊಡದೆ ಕುಸಿಯಿತು. ತುಂಡುಗಳು ಕೂಡುವ ಕಡೆ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. 1992ರಲ್ಲಿ ಬ್ರಿಟನ್ ಗ್ರೌಟ್ ತುಂಬುವ ಹೊಸ ಸೇತುವೆಗಳನ್ನೇ ಕೆಲವು ವರ್ಷ ನಿಲ್ಲಿಸಿಬಿಟ್ಟಿತು.

ಕೇಬಲ್ ಎಳೆದ ಮೇಲೆ ಗ್ರೌಟಿಂಗ್ ತಡ ಮಾಡಬೇಡಿ. ಮೊದಲು ಎಣ್ಣೆ ಅಂಶವಿಲ್ಲದ ಗಾಳಿ ಹೊಡೆದು ಡಕ್ಟ್‌ನೊಳಗಿನ ನೀರನ್ನೆಲ್ಲ ಹೊರಹಾಕಿ. ಗ್ರೌಟ್‌ನಲ್ಲಿ ನೀರು ಸಿಮೆಂಟ್ ತೂಕದ 0.45 ಪಾಲು ದಾಟಬಾರದು. ಪಂಪ್ ಕಟ್ಟಿಕೊಂಡಿತು ಅಂತ ಒಂದು ಬಕೆಟ್ ನೀರು ಸುರಿಯುತ್ತಾರೆ, ಇದಕ್ಕಿಂತ ಕೆಟ್ಟ ಅಡ್ಡದಾರಿ ಇನ್ನೊಂದಿಲ್ಲ. ಆ ನೀರು ಕೇಬಲ್‌ನ ಎತ್ತರದ ತಿರುವಿನಲ್ಲಿ ಮೇಲಕ್ಕೆ ಬಂದು ನಿಲ್ಲುತ್ತದೆ. ಆರಿದ ಮೇಲೆ ಅಲ್ಲಿ ಟೊಳ್ಳು, ಟೊಳ್ಳಿನಲ್ಲಿ ಬರಿ ಉಕ್ಕು. ಗಂಟು ಕಟ್ಟಿದ ಹಳೇ ಸಿಮೆಂಟ್, ತುಕ್ಕು ಹಿಡಿಸುವ ಕ್ಲೋರೈಡ್ ಇರುವ ಅಡ್ಮಿಕ್ಸ್ಚರ್ (ಗ್ರೌಟ್‌ಗೆ ಬೆರೆಸುವ ರಾಸಾಯನಿಕ) ಹತ್ತಿರವೂ ಸೇರಿಸಬೇಡಿ. ನನ್ನ ಕೇಳಿದರೆ ಚೀಲದಲ್ಲಿ ಬರುವ ರೆಡಿ ಗ್ರೌಟ್, ಪ್ಲಾಸ್ಟಿಕ್ ಡಕ್ಟ್ ಎರಡನ್ನೇ ಬಳಸಿ. ತಗಡಿನ ಡಕ್ಟ್‌ನ ಜೋಡಣೆಗೆ ಸುಮ್ನೆ ಟೇಪ್ ಸುತ್ತಿದರೆ ಕಾಂಕ್ರೀಟಿನ ಹಾಲು ಒಳಗೆ ಇಳಿದು ದಾರಿಯೇ ಮುಚ್ಚಿಹೋಗುತ್ತದೆ.

ಪಂಪ್ ಮಾಡುವುದು ತಗ್ಗಿನ ತುದಿಯಿಂದ, ನಿಧಾನವಾಗಿ, ಮಧ್ಯೆ ನಿಲ್ಲಿಸದೆ. ಡಕ್ಟ್‌ನ ಗಾಳಿ ಹೊರಹೋಗುವ ಕಿರುಕೊಳವೆಗಳು, ಅಂದರೆ ವೆಂಟ್‌ಗಳೆಲ್ಲ ತೆರೆದಿರಲಿ. ಮೊದಲು ಗಾಳಿ ಬರುತ್ತದೆ, ಆಮೇಲೆ ತೆಳ್ಳಗಿನ ಬೂದು ನೀರು, ಆಮೇಲೆ ಗುಳ್ಳೆ ಗುಳ್ಳೆಯಾದ ಗ್ರೌಟ್. ಆಗಲೂ ಮುಚ್ಚಬೇಡಿ. ಪಂಪ್‌ಗೆ ಹಾಕಿದಷ್ಟೇ ಗಟ್ಟಿಯಾಗಿ, ಗುಳ್ಳೆಯಿಲ್ಲದೆ ಹರಿದ ಮೇಲೆ ಮುಚ್ಚಿ ಮುಂದಿನದಕ್ಕೆ ಹೋಗಿ. ಕೊನೆಯ ವೆಂಟ್ ಮುಚ್ಚಿ 5 ಬಾರ್ ಒತ್ತಡದಲ್ಲಿ ಒಂದು ನಿಮಿಷವಾದರೂ ಹಿಡಿದು, ಆಮೇಲೆ ಪಂಪ್ ಕಡೆಯ ವಾಲ್ವ್ ಮುಚ್ಚಿ.

ಗಟ್ಟಿಯಾದ ಮೇಲೆ ಎತ್ತರದ ವೆಂಟ್‌ಗಳನ್ನು ಬಿಚ್ಚಿ ಕಡ್ಡಿ ಇಳಿಸಿ ನೋಡಿ. ಕಡ್ಡಿ ಒಳಗೆ ಹೋದರೆ ಅಲ್ಲಿಂದಲೇ ಮತ್ತೆ ಗ್ರೌಟ್ ತುಂಬಿ, ಆಮೇಲೆ ಕೇಬಲ್ ತುದಿ ಹಿಡಿದಿಡುವ ಆ್ಯಂಕರ್ ತಲೆಗಳಿಗೆ ಕಾಂಕ್ರೀಟ್ ಹೊದಿಸಿ.