ಚರ್ಚಿನ ಸೇವಾ ತಂಡಕ್ಕೆ ಆನ್‌ಲೈನ್ ಕೋರ್ಸ್ ಹುಡುಕುತ್ತಿದ್ದೀರಾ?

ಊಟ, ಬಟ್ಟೆ, ಔಷಧಿ ಹಂಚುವುದು ನಮ್ಮ ಚರ್ಚುಗಳಿಗೆ ಚೆನ್ನಾಗಿ ಗೊತ್ತು. ಆದರೆ ಜನರ ಪರವಾಗಿ ಅಧಿಕಾರಿಗಳ ಮುಂದೆ ಮಾತಾಡುವುದು ಬೇರೆಯದೇ ಕೆಲಸ. ಅದನ್ನು ಕಲಿಯಬೇಕು, ಈಗ ಮನೆಯಲ್ಲೇ ಕೂತು ಕಲಿಯಬಹುದು.

ಪರಿಸರದ ಕೆಲಸ ಮಾಡುವ ಆಸೆಯಿದ್ದರೆ ಲೌದಾತೊ ಸೀ ಮೂವ್‌ಮೆಂಟ್ ಎಂಬ ಕ್ಯಾಥೋಲಿಕ್ ಪರಿಸರ ಚಳವಳಿಯವರ ಅನಿಮೇಟರ್ಸ್ (ಊರಿನವರನ್ನು ಹುರಿದುಂಬಿಸಿ ಮುನ್ನಡೆಸುವವರು) ಕೋರ್ಸ್ ನೋಡಿ. ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಎಲ್ಲರಿಗೂ ಬರೆದ ‘ಲೌದಾತೊ ಸೀ’ ಎಂಬ ವಿಶ್ವಪತ್ರದ ಮೇಲೆ ನಿಂತಿರುವ ಕೋರ್ಸ್ ಇದು, ಉಚಿತ. ಬೇರೆ ಯಾವುದನ್ನೇ ಆರಿಸಿದರೂ ಸುಮ್ನೆ ವಿಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡುವಂಥದ್ದು ಬೇಡ. ನಿಮ್ಮ ಬೀದಿಗೆ ಇಳಿದು ಏನಾದರೂ ಮಾಡಿಸುವ ಕೋರ್ಸ್ ಇರಲಿ.

ಒಬ್ಬರನ್ನೇ ಸೇರಿಸಬೇಡಿ. ಮೂವರು ಸೇರಲಿ, ಅದರಲ್ಲಿ ಒಬ್ಬರು ಯುವಕರೋ ಯುವತಿಯೋ ಆಗಿರಲಿ. ಒಬ್ಬರೇ ಕಲಿತರೆ ಅವರು ಊರು ಬಿಟ್ಟ ದಿನ ಕಲಿತದ್ದೂ ಹೋಗುತ್ತದೆ, ಅಲ್ವಾ?

ಪಾಠ ಮುಗಿದ ವಾರವೇ ಚರ್ಚ್ ಹಾಲ್‌ನಲ್ಲಿ ದೊಡ್ಡ ಹಾಳೆ ಅಂಟಿಸಿ. ಒಂದೇ ಒಂದು ಸಮಸ್ಯೆ ಬರೆಯಿರಿ. ಬೀದಿದೀಪ ಉರಿಯುತ್ತಿಲ್ಲ ಅಂತಿಟ್ಟುಕೊಳ್ಳಿ. ಇದರಿಂದ ಯಾರಿಗೆ ಜಾಸ್ತಿ ತೊಂದರೆ? ಯಾರ ಸಹಿ ಬೇಕು? ಆ ಅಧಿಕಾರಿ ಯಾರ ಮಾತು ಕೇಳುತ್ತಾರೆ? ನಮ್ಮ ಜೊತೆ ಯಾರು ನಿಲ್ಲುತ್ತಾರೆ? ತೊಂದರೆ ಅನುಭವಿಸುವವರು ಆ ಹಾಲ್‌ನಲ್ಲಿ ಇರಲೇಬೇಕು, ಅವರು ಬೇರೆ ಧರ್ಮದವರಾದರೂ ಸರಿ. ಅವರನ್ನು ಕೇಳದೆ ಅವರ ಪರವಾಗಿ ಅರ್ಜಿ ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪ್ರತಿ ಪಡೆದು, ತಾರೀಖು ಬರೆದು ಫೈಲ್‌ನಲ್ಲಿಡಿ. ಮುಂದಿನ ಭೇಟಿಗೆ ಅದೇ ಆಧಾರ.