ಕರಡು ಇರುವಾಗಲೇ ಬರೆಯಿರಿ: ವಿದೇಶಿ ಚೇಂಬರ್‌ಗಳ ದಾರಿಯಲ್ಲಿ ನಮ್ಮ ಸಣ್ಣ ಉದ್ಯಮಿಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು ಕಡೆ ಸಣ್ಣ ಘಟಕ ನಡೆಸುವವರಿಗೆ, ಮಂಡ್ಯದ ಬೆಲ್ಲವನ್ನು ಹೊರದೇಶಕ್ಕೆ ಕಳಿಸಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹೊಸ ನಿಯಮ ಬಂದಾಗ ನಮ್ಮ ಕಡೆ ಏನಾಗುತ್ತದೆ ನಿಮಗೂ ಗೊತ್ತು. ಜಾರಿಗೆ ಬಂದ ಮೇಲೆ ಸುದ್ದಿ ತಿಳಿಯುತ್ತದೆ. ನಾಲ್ಕು ಜನ ಸೇರಿ ಡಿಸಿ ಆಫೀಸಿಗೆ ಹೋಗಿ ಮನವಿ ಕೊಡುತ್ತೇವೆ, ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಆದರೆ ಆ ನಿಯಮ ಬರೆದದ್ದು ದೆಹಲಿಯಲ್ಲೋ, ಯುರೋಪಿಯನ್ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲೋ. ಅದನ್ನು ಬದಲಾಯಿಸುವ ಅಧಿಕಾರ ಡಿಸಿ ಅವರಿಗೆ ಇಲ್ಲವೇ ಇಲ್ಲ.

ಒಂದು ದೇಶದ ಕಂಪನಿಗಳು ಇನ್ನೊಂದು ದೇಶದಲ್ಲಿ ವ್ಯಾಪಾರ ಮಾಡುವಾಗ ಒಟ್ಟಾಗಿ ಒಂದು ಚೇಂಬರ್, ಅಂದರೆ ವಾಣಿಜ್ಯ ಸಂಘ, ಕಟ್ಟಿಕೊಳ್ಳುತ್ತವೆ. ಇಂಡೋ-ಜರ್ಮನ್ ಚೇಂಬರ್ 1956ರಿಂದ ಭಾರತದಲ್ಲಿದೆ. ಅಮೆರಿಕನ್ ಕಂಪನಿಗಳ ಆಮ್‌ಚಾಮ್ 1992ರಿಂದ ಇದೆ. ಚೀನಾದಲ್ಲಿರುವ ಯುರೋಪಿಯನ್ ಯೂನಿಯನ್ ಚೇಂಬರ್ ಶುರುವಾದದ್ದು 2000ದಲ್ಲಿ, ವಿಯೆಟ್ನಾಂನಲ್ಲೂ ಯೂರೋಚಾಮ್ ಇದೆ. ವ್ಯಾಪಾರದ ನಿಯಮ ಸರಳವಾಗಲಿ, ಗಡಿಯಲ್ಲಿ ಸರಕು ಕೊಳೆಯದಿರಲಿ, ಲೈಸೆನ್ಸ್ ಕಾಟ ಕಡಿಮೆಯಾಗಲಿ ಅಂತ ಇವು ವರ್ಷವಿಡೀ ಸರ್ಕಾರದ ಬೆನ್ನು ಬಿಡುವುದಿಲ್ಲ. ಹಣ ಇದೆ, ಪ್ರಭಾವ ಇದೆ, ಅದು ನಿಜ. ಆದರೆ ಅವರು ಕೆಲಸ ಮಾಡುವ ರೀತಿಯನ್ನು ನಾವು ಒಂದು ಪೈಸೆ ಖರ್ಚಿಲ್ಲದೆ ಕಲಿಯಬಹುದು. ಇದು ನಮಗೆ ಹೊಸದೂ ಅಲ್ಲ. ಇವತ್ತಿನ ಎಫ್‌ಕೆಸಿಸಿಐ, ಅಂದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಅಂತ ಹುಟ್ಟಿದ್ದು, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿದ್ದು.

ಮೊದಲ ಕೆಲಸ ಹೊಸ ನಿಯಮದ ಕರಡು ಹಿಡಿಯುವುದು. ಕರಡು ಪ್ರಕಟಿಸಿಯೇ ನಿಯಮ ಮಾಡಬೇಕು ಅಂತ ಕಾಯ್ದೆ ಹೇಳಿರುವ ಕಡೆ, ಗಡುವಿನೊಳಗೆ ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಶೀಲಿಸಲೇಬೇಕು ಅಂತ 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. 2014ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ನೀತಿ ತಂದಿತು: ಮಸೂದೆ, ನಿಯಮಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು. ಪ್ರತಿ ಸಲ ಹಾಗೆ ಆಗುತ್ತದೆ ಅಂತಲ್ಲ. ಆದರೂ ನಿಮ್ಮ ಸರಕಿಗೆ ಸಂಬಂಧಪಟ್ಟ ಇಲಾಖೆಯ ವೆಬ್‌ಸೈಟ್ ಮತ್ತು ಗೆಜೆಟ್ ಅನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆಹಾರ ಪದಾರ್ಥ ಆದರೆ ಎಫ್‌ಎಸ್‌ಎಸ್‌ಎಐ, ಗುಣಮಟ್ಟದ ಗುರುತು ಆದರೆ ಬಿಐಎಸ್, ಆಮದು-ರಫ್ತು ಆದರೆ ಡಿಜಿಎಫ್‌ಟಿ.

ಹೊರದೇಶದ ನಿಯಮ ಹಿಡಿಯುವುದು ಇನ್ನೂ ಸುಲಭ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶ ಯಾವುದೇ ಆಗಲಿ, ವ್ಯಾಪಾರಕ್ಕೆ ತೊಡಕಾಗಬಹುದಾದ ತಾಂತ್ರಿಕ ನಿಯಮ ತರುವ ಮುಂಚೆ ಉಳಿದ ದೇಶಗಳಿಗೆ ತಿಳಿಸಬೇಕು, ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ ಕೊಡಬೇಕು. ಆ ಸೂಚನೆಗಳೆಲ್ಲ ಇ-ಪಿಂಗ್ ಅನ್ನುವ ಉಚಿತ ತಾಣದಲ್ಲಿ ಸಿಗುತ್ತವೆ. ಅಲ್ಲಿ ನಿಮ್ಮ ಸರಕಿನ ಎಚ್‌ಎಸ್ ಕೋಡ್ (ಎಲ್ಲ ದೇಶದ ಕಸ್ಟಮ್ಸ್‌ನವರು ಸರಕು ಗುರುತಿಸಲು ಬಳಸುವ ಸಂಖ್ಯೆ), ನೀವು ಮಾರುವ ದೇಶ ಎರಡನ್ನೂ ಹಾಕಿ ನೋಂದಾಯಿಸಿಕೊಂಡರೆ ಮೇಲ್ ತಾನಾಗೇ ಬರುತ್ತದೆ. ಊದುಬತ್ತಿಗೆ 3307 41, ರೇಷ್ಮೆ ಬಟ್ಟೆಗೆ 5007, ಬೆಲ್ಲ ಬರುವುದು 1701ರ ಒಳಗೆ. ಇದನ್ನು ಇವತ್ತೇ ಮಾಡಿ. ಓದುತ್ತಿರುವ ಮಗನಿಗೋ ಮಗಳಿಗೋ ಹೇಳಿದರೆ ಕಾಫಿ ಕುಡಿದು ಮುಗಿಸುವುದರೊಳಗೆ ಆಗಿಹೋಗುತ್ತದೆ.

ಕರಡು ಕೈಗೆ ಬಂದ ಮೇಲೆ ಅಷ್ಟೂ ಪುಟ ಓದಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕೆಲಸಕ್ಕೆ ತಾಗುವ ಕಲಂ ಯಾವುದು ಅಂತ ಹುಡುಕಿ. ಒಂದು ಉದಾಹರಣೆ ಹೇಳುತ್ತೇನೆ, ಇದು ಮೈಸೂರಿಗೆ ನೇರ ಸಂಬಂಧಪಟ್ಟದ್ದು. ಇಪ್ಪತ್ತು ಕಡ್ಡಿಯ ಆರು ಮೂಲೆ ಊದುಬತ್ತಿ ಡಬ್ಬಿ ಕೈಗೆ ತೆಗೆದುಕೊಳ್ಳಿ. ಒಂದೊಂದು ಮುಖದ ಅಗಲ ಎರಡು ಬೆರಳು ಕೂಡ ಇಲ್ಲ. ಒಂದು ಮುಖದಲ್ಲಿ ಬ್ರ್ಯಾಂಡ್, ಇನ್ನೊಂದರಲ್ಲಿ ಪರಿಮಳದ ಹೆಸರು, ಮತ್ತೊಂದರಲ್ಲಿ ವಿಳಾಸ ಮತ್ತು ಬಾರ್‌ಕೋಡ್. ಯುರೋಪಿಗೆ ಹೋಗುವ ಡಬ್ಬಿ ಆದರೆ ಸುಗಂಧದಲ್ಲಿ ಅಲರ್ಜಿ ತರುವ ಅಂಶ ಇದ್ದಾಗ ಆ ಎಚ್ಚರಿಕೆಯನ್ನೂ ಹಾಕಬೇಕು, ಅದೂ ಮಾರುವ ದೇಶದ ಭಾಷೆಯಲ್ಲಿ. ಜರ್ಮನಿ, ಫ್ರಾನ್ಸ್, ಇಟಲಿ ಮೂರಕ್ಕೂ ಒಂದೇ ಡಬ್ಬಿ ಕಳಿಸುತ್ತೀರಿ ಅಂದರೆ ಮೂರು ಭಾಷೆ. ಅಲ್ಲಿನ ರಾಸಾಯನಿಕ ಲೇಬಲ್ ನಿಯಮಕ್ಕೆ 2024ರ ಕೊನೆಯಲ್ಲಿ ತಿದ್ದುಪಡಿ ಬಂತು. ಅರ್ಧ ಲೀಟರ್‌ವರೆಗಿನ ಚಿಕ್ಕ ಪ್ಯಾಕ್ ಆದರೂ ಅಕ್ಷರ ಕನಿಷ್ಠ 1.2 ಮಿಲಿಮೀಟರ್ ಎತ್ತರ ಇರಬೇಕು, ಸಾಲುಗಳ ನಡುವೆ ಇಷ್ಟು ಜಾಗ ಇರಬೇಕು ಅಂತ. ಡಬ್ಬಿಯ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಇದರ ಅರ್ಥ ಏನು ಅಂತ ತಕ್ಷಣ ಗೊತ್ತಾಗುತ್ತದೆ. ಯುರೋಪಿನ ಉದ್ಯಮ ಸಂಘಟನೆಗಳು ಇಂಥದ್ದನ್ನೇ ಹಿಡಿದು ಪಟ್ಟು ಹಾಕಿದವು. 2025ರ ಜುಲೈನಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಈ ಅಳತೆಗಳನ್ನು ಸಡಿಲ ಮಾಡುವ ಪ್ರಸ್ತಾಪ ಇಟ್ಟಿತು, ಲೇಬಲ್ ನಿಯಮದ ಜಾರಿ 2028ರ ಜನವರಿ 1ಕ್ಕೆ ಮುಂದೆ ಹೋಯಿತು. ಮಿಲಿಮೀಟರ್ ಲೆಕ್ಕ ಮುಂದಿಟ್ಟು ಕೇಳಿದರೆ ಅಷ್ಟು ದೊಡ್ಡ ಯಂತ್ರವೂ ಕೇಳಿಸಿಕೊಳ್ಳುತ್ತದೆ.

ಈಗ ಬರೆಯುವ ವಿಷಯ. ಚೀನಾದ ಯುರೋಪಿಯನ್ ಚೇಂಬರ್ ಪ್ರತಿ ವರ್ಷ ಹೊರತರುವ ಪೊಸಿಷನ್ ಪೇಪರ್, ಅಂದರೆ ಸದಸ್ಯರ ತೊಂದರೆ ಮತ್ತು ಬೇಡಿಕೆಗಳ ಪುಸ್ತಕ, ನೋಡಿ, ಎಲ್ಲರಿಗೂ ಸಿಗುತ್ತದೆ. ತುಂಬ ದಪ್ಪ ಇರುತ್ತದೆ, ನಿಮ್ಮ ಕ್ಷೇತ್ರದ ಅಧ್ಯಾಯ ಒಂದನ್ನು ಓದಿದರೆ ಸಾಕು. ಪ್ರತಿ ವಿಷಯಕ್ಕೂ ಮೂರು ಭಾಗ ಇರುತ್ತದೆ: ತೊಂದರೆ ಏನು, ಅದರ ವಿವರಣೆ ಏನು, ಏನು ಮಾಡಬೇಕು. ನಾವೂ ಇದೇ ಅಚ್ಚಿನಲ್ಲಿ ಬರೆಯಬೇಕು. ಕನ್ನಡದಲ್ಲಿ ಮೊದಲು ಬರೆದುಕೊಳ್ಳಿ, ಕೂತು ಚರ್ಚೆ ಮಾಡಿ, ಆಮೇಲೆ ದೆಹಲಿಗೆ ಅಥವಾ ಬ್ರಸೆಲ್ಸ್‌ಗೆ ಇಂಗ್ಲಿಷ್ ಮಾಡಿಸಿ. ರಾಜ್ಯ ಸರ್ಕಾರಕ್ಕಾದರೆ ಕನ್ನಡದಲ್ಲೇ ಕೊಡಿ.

ಮಾದರಿ ಹೀಗಿರಲಿ: "ಕರಡಿನ ಇಂಥ ಕಲಂ ಪ್ರಕಾರ ಅಕ್ಷರದ ಎತ್ತರ ಇಷ್ಟು ಇರಬೇಕು. ನಮ್ಮ ಡಬ್ಬಿಯ ಒಂದು ಮುಖ ಇಷ್ಟು ಮಿಲಿಮೀಟರ್ ಅಗಲ, ಇಷ್ಟು ಉದ್ದ. ಕಡ್ಡಾಯ ಎಚ್ಚರಿಕೆಯನ್ನು ಮೂರು ಭಾಷೆಯಲ್ಲಿ ಮುದ್ರಿಸಲು ಇಷ್ಟು ಜಾಗ ಬೇಕು, ಇರುವುದು ಇಷ್ಟು. ಡಬ್ಬಿ ದೊಡ್ಡದು ಮಾಡಿದರೆ ಒಂದು ಕಾರ್ಟನ್‌ನಲ್ಲಿ ಹಿಡಿಸುವ ಡಬ್ಬಿಗಳು ಇಷ್ಟಕ್ಕೆ ಇಳಿಯುತ್ತವೆ. ಆದ್ದರಿಂದ ಚಿಕ್ಕ ಪ್ಯಾಕಿಗೆ ಮಡಿಸಿದ ಚೀಟಿಯಲ್ಲಿ ಎಚ್ಚರಿಕೆ ಕೊಡಲು ಅವಕಾಶ ಇರಲಿ. ಆ ಕಲಂ ಹೀಗಿರಬಹುದು." ಇಷ್ಟು ಬರೆದು ನೀವೇ ಬದಲಿ ವಾಕ್ಯವನ್ನೂ ಬರೆದುಕೊಡಿ. ಬರಿದೇ "ನಿಯಮ ಕೈಬಿಡಿ" ಅಂದರೆ ಅಧಿಕಾರಿ ಆ ಕಾಗದ ಇಟ್ಟುಕೊಂಡು ಏನು ಮಾಡಬೇಕು ಹೇಳಿ? ಬದಲಿ ವಾಕ್ಯ ಕೊಟ್ಟರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ.

ಜೊತೆಗೆ ಡಬ್ಬಿಯ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು, ಲಗತ್ತಿಸಿ. ಪ್ರಿಂಟರ್ ಕೊಟ್ಟ ಕೊಟೇಷನ್ ಲಗತ್ತಿಸಿ. ಖರ್ಚಿನ ಅಂಕಿಗಳು ನಿಮ್ಮ ಲೆಕ್ಕದ ಪುಸ್ತಕದಿಂದಲೇ ಬರಲಿ, ಉಬ್ಬಿಸಬೇಡಿ. "ಸಾವಿರಾರು ಕುಟುಂಬ ಬೀದಿಗೆ ಬೀಳುತ್ತವೆ" ಅನ್ನುವ ಮಾತು ಎಲ್ಲ ಮನವಿಯಲ್ಲೂ ಇರುತ್ತದೆ, ಅದಕ್ಕೇ ಯಾರೂ ಅದನ್ನು ಓದುವುದಿಲ್ಲ. ಒಂದೇ ಘಟಕದ ಲೆಕ್ಕ ಸಾಲದು, ಅಕ್ಕಪಕ್ಕದವರ ಹತ್ತಿರ ಇದೇ ಪ್ರಶ್ನೆ ಕೇಳಿ ಅವರ ಅಂಕಿಯನ್ನೂ ಸೇರಿಸಿ. ಮುಖ್ಯ ಪತ್ರ ಎರಡು ಪುಟ ಮೀರಬಾರದು.

ಎಲ್ಲ ನಿಯಮಕ್ಕೂ ಅಡ್ಡ ಹಾಕಬೇಡಿ ಅನ್ನುವುದನ್ನೂ ಒತ್ತಿ ಹೇಳುತ್ತೇನೆ. ಮಂಡ್ಯದ ಆಲೆಮನೆಗಳ ವಿಷಯ ತೆಗೆದುಕೊಳ್ಳಿ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಕೆಲವರು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ, ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ (ಸಲ್ಫೈಟ್) ಉಳಿಯುತ್ತದೆ. ಯುರೋಪಿನಲ್ಲಿ ಕಿಲೋಗೆ 10 ಮಿಲಿಗ್ರಾಂಗಿಂತ ಜಾಸ್ತಿ ಸಲ್ಫೈಟ್ ಇದ್ದರೆ ಲೇಬಲ್ ಮೇಲೆ ಹೇಳಲೇಬೇಕು. ಅಸ್ತಮಾ ಇರುವವರಿಗೆ ಅದು ನಿಜವಾಗಲೂ ತೊಂದರೆ ಕೊಡುತ್ತದೆ, ಹಾಗಾಗಿ ಆ ನಿಯಮ ಸರಿಯಾಗಿಯೇ ಇದೆ. ಅದನ್ನು ಸಡಿಲಿಸಿ ಅಂತ ಕೇಳಿದರೆ ನಿಮ್ಮ ಮಾತಿಗೆ ಇರುವ ಬೆಲೆಯೂ ಹೋಗುತ್ತದೆ. ಅದರ ಬದಲು ಪರೀಕ್ಷೆಯ ಖರ್ಚಿಗೆ ಸಹಾಯ, ಸಣ್ಣ ಆಲೆಮನೆಗಳ ಮಾದರಿಗಳನ್ನು ಒಟ್ಟಿಗೆ ಪರೀಕ್ಷೆ ಮಾಡಿಸುವ ವ್ಯವಸ್ಥೆ, ಬದಲಾಗಲು ಒಂದು ಹಂಗಾಮಿನ ಸಮಯ ಕೇಳಿ. ಮೈಸೂರಿನಲ್ಲೇ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ತಾಂತ್ರಿಕ ಅಭಿಪ್ರಾಯ ಬೇಕಾದರೆ ಅಲ್ಲಿ ಕೇಳಬಹುದು.

ಇನ್ನು, ಯಾರ ಜೊತೆ ಹೋಗಬೇಕು? ಒಬ್ಬರೇ ಕಳಿಸಿದರೂ ನಡೆಯುತ್ತದೆ, ಆದರೆ ಸಂಘದ ಲೆಟರ್‌ಹೆಡ್ ಇದ್ದರೆ ತೂಕ ಜಾಸ್ತಿ. ಮೈಸೂರು ಕೈಗಾರಿಕೆಗಳ ಸಂಘ ಇದೆ, ಮೈಸೂರು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಇದೆ, ಅಲ್ಲಿಂದ ಎಫ್‌ಕೆಸಿಸಿಐಗೆ ಹೋಗಬಹುದು. ಹೊರದೇಶದ ನಿಯಮ ಆದರೆ ನಿಮ್ಮ ಬೈಯರ್‌ಗೂ ಒಂದು ಪ್ರತಿ ಕಳಿಸಿ, ಅವರ ಸಂಘದಿಂದಲೂ ಬರೆಸಿ. ಯುರೋಪಿಯನ್ ಕಮಿಷನ್ನಿನ ಅಭಿಪ್ರಾಯ ಪುಟದಲ್ಲಿ ಭಾರತದಿಂದಲೂ ನೇರವಾಗಿ ಬರೆಯಬಹುದು. ತಾಂತ್ರಿಕ ನಿಯಮಗಳ ವಿಷಯದಲ್ಲಿ ಭಾರತದ ಅಧಿಕೃತ ಮಾಹಿತಿ ಕೇಂದ್ರ (ಎನ್‌ಕ್ವಯರಿ ಪಾಯಿಂಟ್) ಬಿಐಎಸ್, ಅಲ್ಲಿಗೂ ತಿಳಿಸಿ. ನಮ್ಮ ಸರ್ಕಾರವೇ ಆ ದೇಶವನ್ನು ಕೇಳುವ ದಾರಿ ಅದು.

ವಿದೇಶಿ ಚೇಂಬರ್ ಜೊತೆ ಕೈ ಜೋಡಿಸುವಾಗ ಮಾತ್ರ ಎಚ್ಚರ ಇರಲಿ. ಅವರು ಅವರ ಸದಸ್ಯರ ಪರ, ಅದರಲ್ಲಿ ತಪ್ಪೇನಿಲ್ಲ. ಲೇಬಲ್ ಸರಳವಾಗಲಿ, ಕಸ್ಟಮ್ಸ್ ಕಾಗದ ಕಡಿಮೆಯಾಗಲಿ ಅನ್ನುವಲ್ಲಿ ಅವರ ಹಿತ, ನಮ್ಮ ಹಿತ ಒಂದೇ. ಸುಂಕದ ಮಾತು ಬಂದಾಗ ಬೇರೆ ಆಗಬಹುದು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅಗರಬತ್ತಿ ಆಮದಿಗೆ ನಿರ್ಬಂಧ ಹಾಕಿತು. ಹೊರಗಿನಿಂದ ಕಚ್ಚಾ ಬತ್ತಿ ತರಿಸಿ ಸುಗಂಧ ಹಾಕಿ ಮಾರುತ್ತಿದ್ದವರಿಗೆ ತೊಂದರೆ ಆಯಿತು, ಇಲ್ಲೇ ಬತ್ತಿ ಹೊಸೆಯುವವರಿಗೆ ಅನುಕೂಲ ಆಯಿತು. ಮರುವರ್ಷ ಬಿದಿರು ಕಡ್ಡಿಯ ಆಮದು ಸುಂಕ ಶೇ. 10ರಿಂದ 25ಕ್ಕೆ ಏರಿತು, ಆಗ ಬಿಸಿ ತಾಗಿದ್ದು ಕಡ್ಡಿ ಕೊಳ್ಳುವ ಎಲ್ಲರಿಗೂ. ಹೀಗಾಗಿ ಯಾರೋ ತಯಾರು ಮಾಡಿದ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ. ಪ್ರತಿ ಬೇಡಿಕೆಯ ಪಕ್ಕದಲ್ಲಿ ಇದರಿಂದ ನಮ್ಮ ಘಟಕಕ್ಕೆ ಏನು, ನಮ್ಮಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಏನು ಅಂತ ಬರೆದುಕೊಂಡು ಆಮೇಲೆ ತೀರ್ಮಾನ ಮಾಡಿ. ಒಪ್ಪದ ಬೇಡಿಕೆ ಇದ್ದರೆ ನಿಮ್ಮದೇ ಪತ್ರ ಬೇರೆ ಕಳಿಸಿ. ಮತ್ತೆ, "ಒಳಗೆ ಮಾತಾಡಿ ಮಾಡಿಸಿಕೊಡ್ತೀನಿ" ಅನ್ನುವ ಮಧ್ಯವರ್ತಿಗಳು ಬರುತ್ತಾರೆ. ದುಡ್ಡು ಕೊಡಬೇಡಿ. ಕರಡಿಗೆ ಅಭಿಪ್ರಾಯ ಕೊಡುವುದಕ್ಕೆ ಶುಲ್ಕವೇ ಇಲ್ಲ.

ಕಳಿಸಿದ ಮೇಲೆ ಬೆನ್ನು ಬಿಡಬಾರದು. ಮೇಲ್ ತಲುಪಿದ್ದಕ್ಕೆ ಸ್ವೀಕೃತಿ ಕೇಳಿ, ತಾರೀಖು ಸಮೇತ ಫೈಲ್‌ನಲ್ಲಿಡಿ. ಡಿಜಿಎಫ್‌ಟಿ ವಿಷಯದಲ್ಲಿ ಈಗ ಒಂದು ಒಳ್ಳೆಯ ಆಧಾರ ಇದೆ: 2025ರ ಜನವರಿಯಲ್ಲಿ ವಿದೇಶಿ ವ್ಯಾಪಾರ ನೀತಿಗೆ 1.07ಎ ಮತ್ತು 1.07ಬಿ ಅನ್ನುವ ಪ್ಯಾರಾ ಸೇರಿಸಿದರು. ನೀತಿ ಬದಲಿಸುವಾಗ ಸಂಬಂಧಪಟ್ಟವರನ್ನು ಕೇಳುವುದು, ಅವರ ಅಭಿಪ್ರಾಯ ಒಪ್ಪದಿದ್ದರೆ ಕಾರಣ ತಿಳಿಸುವುದು ಇದರಲ್ಲಿದೆ. ನಿಮ್ಮ ಪತ್ರದಲ್ಲಿ ಆ ಪ್ಯಾರಾಗಳನ್ನು ಹೆಸರಿಸಿಯೇ ಬರೆಯಿರಿ. ಬೇರೆ ಕೇಂದ್ರ ಇಲಾಖೆ ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಬಂದ ಅಭಿಪ್ರಾಯಗಳ ಮೇಲಿನ ಕಡತ ಟಿಪ್ಪಣಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ನಿಯಮ ಅಂತಿಮ ಆಗಿಯೇ ಹೋಯಿತು ಅಂದರೂ ಸಮಯ ಕೇಳುವ ದಾರಿ ಉಳಿದಿರುತ್ತದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬರಬಾರದು ಅನ್ನುವ ಯುರೋಪಿನ 2023ರ ನಿಯಮ 2024ರ ಡಿಸೆಂಬರ್ ಕೊನೆಗೆ ಜಾರಿ ಆಗಬೇಕಿತ್ತು. ಬೆಳೆಯುವ ದೇಶಗಳು, ಕಂಪನಿಗಳು ಎಲ್ಲ ಸೇರಿ ಒತ್ತಡ ಹಾಕಿದ ಮೇಲೆ ಎರಡು ಸಲ ಮುಂದೆ ಹೋಯಿತು. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಮತ್ತು ಅತಿ ಸಣ್ಣವರಿಗೆ 2027ರ ಜೂನ್ 30. ಹುಣಸೂರಿನ ಕ್ಯೂರಿಂಗ್ ಘಟಕಗಳಿಗೆ ಕಾಫಿ ಕೊಡುವವರು ಈ ಸಮಯದಲ್ಲಿ ತೋಟದ ಜಿಪಿಎಸ್ ಗುರುತು, ಪಹಣಿ ಎಲ್ಲ ಸರಿ ಮಾಡಿಕೊಳ್ಳಿ, ಇನ್ನೊಂದು ಸಲ ಮುಂದೆ ಹೋಗುತ್ತದೆ ಅಂತ ಕಾಯಬೇಡಿ. ಉಳಿದವರು ನಿಮ್ಮ ನಿಯಮದ ವಿಷಯದಲ್ಲಿ ಎರಡೇ ಕೇಳಿ: ಈಗಾಗಲೇ ಮುದ್ರಿಸಿದ ಡಬ್ಬಿ ಖಾಲಿ ಮಾಡಲು ಇಷ್ಟು ತಿಂಗಳು, ಜಾರಿ ದಿನಾಂಕಕ್ಕೆ ಮುಂಚೆ ಹಡಗು ಹತ್ತಿದ ಸರಕಿಗೆ ವಿನಾಯಿತಿ. ಗೋದಾಮಿನಲ್ಲಿರುವ ಡಬ್ಬಿಗಳ ಎಣಿಕೆ ಪಟ್ಟಿಯನ್ನು ಆ ಪತ್ರಕ್ಕೆ ಲಗತ್ತಿಸಿ.